ಮೊದಲು ರಕ್ತಸ್ರಾವ, ಆಮೇಲೆ ಗಡ್ಡೆಯ ಮಾತು

(ದಾವಣಗೆರೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರು ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮುಂದೆ ಸ್ತ್ರೀರೋಗ ತಜ್ಞೆಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಸ್ಕ್ಯಾನಿಂಗ್ ವರದಿಯಲ್ಲಿ ‘ಫೈಬ್ರಾಯ್ಡ್’, ಅಂದರೆ ಗರ್ಭಕೋಶದ ಗಡ್ಡೆ, ಎಂದು ಬರೆದಿರುವುದು ಗೊತ್ತಾದ ದಿನ ಮನೆಯಲ್ಲಿ ಎರಡು ಮಾತು ಹುಟ್ಟುತ್ತವೆ. ಒಂದು, ಕ್ಯಾನ್ಸರ್ ಇರಬಹುದೇ ಎಂಬ ಭಯ. ಇನ್ನೊಂದು, ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಟ್ಟರೆ ಕಾಟ ತಪ್ಪುತ್ತದೆ ಎಂಬ ತೀರ್ಮಾನ. ಭಯಪಟ್ಟವರು ವರದಿಯನ್ನು ಬೀರುವಿನಲ್ಲಿ ಮುಚ್ಚಿಟ್ಟು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ತೀರ್ಮಾನ ಮಾಡಿದವರು ಮುಂದಿನ ವಾರವೇ ಆಪರೇಷನ್‌ಗೆ ದಿನ ಗೊತ್ತು ಮಾಡುತ್ತಾರೆ. ಈ ಎರಡರ ನಡುವೆ ಮಾಡಬಹುದಾದ ಕೆಲಸ ಬಹಳವಿದೆ. ಆ ಕೆಲಸ ಯಾವುದು ಎಂದು ಹೇಳುವುದಕ್ಕಾಗಿಯೇ ನಾನು ಇಲ್ಲಿಗೆ ಬಂದಿದ್ದೇನೆ.

ಗಡ್ಡೆಯ ವಿಚಾರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಮೊದಲು ರಕ್ತದ ಮಾತು. ಮುಟ್ಟಿನಲ್ಲಿ ಎಷ್ಟು ರಕ್ತ ಹೋದರೆ ಹೆಚ್ಚು? ನಾನು ಕೇಳಿದಾಗ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಎಲ್ಲರಿಗೂ ಹೋದ ಹಾಗೆ ಹೋಗುತ್ತದೆ ಮೇಡಂ.’ ಎಲ್ಲರಿಗೂ ಎಷ್ಟು ಹೋಗುತ್ತದೆ ಎಂದು ನಮಗೆ ಹೇಗೆ ಗೊತ್ತು? ತಾಯಿಗೂ ಅಕ್ಕನಿಗೂ ಹೆಚ್ಚಾಗಿಯೇ ಹೋಗುತ್ತಿದ್ದರೆ, ಆ ಮನೆಯ ಹುಡುಗಿಗೆ ಅದೇ ಸಹಜ ಎನಿಸುತ್ತದೆ. ಸ್ವೀಡನ್ನಿನ ವೈದ್ಯರು ಗೋಥೆನ್‌ಬರ್ಗ್ ನಗರದ ಮಹಿಳೆಯರ ಪ್ಯಾಡುಗಳನ್ನು ಸಂಗ್ರಹಿಸಿ, ಅವುಗಳಲ್ಲಿನ ರಕ್ತವನ್ನು ಅಳೆದು 1966ರಲ್ಲಿ ಪ್ರಕಟಿಸಿದರು. ಸಾಮಾನ್ಯವಾಗಿ ಒಂದು ಮುಟ್ಟಿಗೆ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. 80 ಮಿಲಿಲೀಟರ್ ದಾಟಿದವರಲ್ಲಿ ರಕ್ತಹೀನತೆ ಹೆಚ್ಚು. 80 ಎಂಬ ಗಡಿ ವೈದ್ಯಕೀಯ ಪುಸ್ತಕಗಳಿಗೆ ಬಂದದ್ದು ಹಾಗೆ.

ಆದರೆ ಮನೆಯಲ್ಲಿ ಯಾರೂ ಅಳೆಯುವುದಿಲ್ಲ, ಅಳೆಯಬೇಕಾಗಿಯೂ ಇಲ್ಲ. ಬ್ರಿಟನ್ನಿನ ಮಾರ್ಗಸೂಚಿ 2007ರಿಂದಲೂ ಬೇರೆ ರೀತಿಯಲ್ಲಿ ಹೇಳುತ್ತದೆ: ಮುಟ್ಟಿನ ರಕ್ತಸ್ರಾವ ಹೆಣ್ಣಿನ ದೇಹಕ್ಕೆ, ಮನಸ್ಸಿಗೆ, ಕೆಲಸಕ್ಕೆ, ನಾಲ್ಕು ಜನರ ಜೊತೆಗಿನ ಬದುಕಿಗೆ ಅಡ್ಡಿಯಾಗುವಷ್ಟಿದ್ದರೆ ಅದು ಹೆಚ್ಚು, ಅದಕ್ಕೆ ಚಿಕಿತ್ಸೆ ಬೇಕು. ನನಗೆ ಈ ಮಾತು ಬಹಳ ಹಿಡಿಸಿದೆ. ಇಲ್ಲಿ ತೀರ್ಪು ಕೊಡುವವಳು ಆ ಹೆಣ್ಣುಮಗಳೇ.

ಆದ್ದರಿಂದ ನಾನು ಕೇಳುವ ಪ್ರಶ್ನೆಗಳು ಇವು. ಗಂಟೆಗೊಂದು, ಎರಡು ಗಂಟೆಗೊಂದು ಪ್ಯಾಡ್ ಬದಲಿಸಬೇಕಾಗುತ್ತದೆಯೇ? ಬಟ್ಟೆ ಬಳಸುವವರಾದರೆ ಎರಡು ಬಟ್ಟೆ ಸೇರಿಸಿ ಮಡಚುತ್ತೀರಾ? ರಾತ್ರಿ ಇದಕ್ಕೆಂದೇ ಎದ್ದು ಬಟ್ಟೆ ಬದಲಾಯಿಸುತ್ತೀರಾ? ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪು ಬೀಳುತ್ತದೆಯೇ? ಎಂಟು ದಿನ ದಾಟುತ್ತದೆಯೇ? ಆ ದಿನಗಳಲ್ಲಿ ಮದುವೆ, ಜಾತ್ರೆ, ನಾಟಿ ಕೆಲಸ ತಪ್ಪಿಸುತ್ತೀರಾ? ಜಗಳೂರಿನಿಂದ ಬಸ್ಸಿನಲ್ಲಿ ಬರುವ ಒಬ್ಬ ತಾಯಿ ಆ ದಿನಗಳಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬರುತ್ತಿದ್ದರು. ಸೀರೆಗೆ, ಸೀಟಿಗೆ ಕಲೆಯಾಗುವ ಭಯ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಇನ್ನೊಬ್ಬರು, ಭಟ್ಟಿಯ ಉರಿಯಲ್ಲಿ ನಿಂತು ತಲೆಸುತ್ತು ಬರುವುದನ್ನು ಕೆಲಸದ ಸುಸ್ತು ಎಂದುಕೊಂಡಿದ್ದರು. ಇವರಿಬ್ಬರೂ ‘ರಕ್ತ ಹೆಚ್ಚು ಹೋಗುತ್ತದೆ’ ಎಂದು ಹೇಳಿಕೊಂಡು ಬಂದವರಲ್ಲ. ಒಬ್ಬರು ಮಂಡಿನೋವಿಗೆ ಬಂದಿದ್ದರು, ಇನ್ನೊಬ್ಬರು ಮಗಳ ಜೊತೆಗೆ ಬಂದಿದ್ದರು.

ಈಗ ಒಂದು ಲೆಕ್ಕ. ಸಂಘದಲ್ಲಿ ಉಳಿತಾಯದ ಪುಸ್ತಕ ಬರೆಯುವವರು ನೀವು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಹೆಚ್ಚುಕಡಿಮೆ ಅರ್ಧ ಮಿಲಿಗ್ರಾಂ ಕಬ್ಬಿಣಾಂಶವಿದೆ. 80 ಮಿಲಿಲೀಟರ್ ಹೋದರೆ ಸುಮಾರು 40 ಮಿಲಿಗ್ರಾಂ ಹೋದಂತೆ. ಊಟದಿಂದ ನಮ್ಮ ದೇಹ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಅದರಲ್ಲಿ ಒಂದರಷ್ಟು ಮುಟ್ಟಿಲ್ಲದ ದಿನವೂ ಚರ್ಮ, ಕರುಳುಗಳಿಂದ ಹೊರಹೋಗುತ್ತದೆ. ಅಂದರೆ ಚೆನ್ನಾಗಿ ಉಂಡರೂ ತಿಂಗಳಿಗೆ ಉಳಿಯುವುದು ಹೆಚ್ಚೆಂದರೆ 30 ಮಿಲಿಗ್ರಾಂ, ಖರ್ಚು 40. ತಿಂಗಳು ತಿಂಗಳೂ ಸಾಲ ಬೆಳೆಯುತ್ತದೆ. ಸೊಪ್ಪು ತಿನ್ನಿ, ರಾಗಿ ತಿನ್ನಿ, ಬೆಲ್ಲ ತಿನ್ನಿ ಎಂದು ಹೇಳಿ ಕಳುಹಿಸುವವರನ್ನು ಕಂಡರೆ ನನಗೆ ಬೇಸರವಾಗುವುದು ಇದಕ್ಕೇ. ಸೊಪ್ಪು, ರಾಗಿ ಒಳ್ಳೆಯವೇ. ಆದರೆ ಈ ಸಾಲವನ್ನು ಅವು ತೀರಿಸಲಾರವು. ರಕ್ತ ಹೋಗುವುದನ್ನು ತಡೆಯಬೇಕು, ಜೊತೆಗೆ ಮಾತ್ರೆ ಅಥವಾ ಇಂಜೆಕ್ಷನ್ ರೂಪದಲ್ಲಿ ಕಬ್ಬಿಣಾಂಶ ಕೊಡಬೇಕು.

ಮುಟ್ಟಾಗುವ ಹೆಣ್ಣುಮಗಳಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಇದೆ; ನಮ್ಮ ರಾಜ್ಯದಲ್ಲಿ ಅರ್ಧದ ಹತ್ತಿರ. 6 ಗ್ರಾಂ ಇಟ್ಟುಕೊಂಡು ನೀರು ಹೊರುವವರು, ಗದ್ದೆಗೆ ಹೋಗುವವರು ಇದ್ದಾರೆ. ನಿಧಾನವಾಗಿ ಇಳಿದ ರಕ್ತಕ್ಕೆ ದೇಹ ಒಗ್ಗಿಕೊಂಡಿರುತ್ತದೆ, ಅದಕ್ಕೇ ಅವರು ಕುಸಿದು ಬೀಳುವುದಿಲ್ಲ. ಮನೆಯವರು ‘ಸೋಮಾರಿ’ ಎನ್ನುತ್ತಾರೆ, ‘ಸಿಟ್ಟು ಜಾಸ್ತಿಯಾಗಿದೆ’ ಎನ್ನುತ್ತಾರೆ. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಅಕ್ಕಿ ಕೇರುವಾಗ ಹಸಿ ಅಕ್ಕಿಯನ್ನು ಬಾಯಿಗೆ ಹಾಕಿಕೊಳ್ಳುವ ಚಪಲ, ಬಳಪ, ಮಣ್ಣು ತಿನ್ನುವ ಆಸೆ — ಇವೆಲ್ಲ ಕಬ್ಬಿಣಾಂಶ ಕಡಿಮೆಯಾದಾಗ ಕಾಣುವ ಲಕ್ಷಣಗಳು. ಹಸಿ ಅಕ್ಕಿ ತಿನ್ನುವ ಸೊಸೆಯನ್ನು ಬಯ್ಯಬೇಡಿ, ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿ. ಮಾತ್ರೆ ಕೊಟ್ಟ ಮೇಲೆ ಎಷ್ಟೋ ಜನರಿಗೆ ಆ ಚಪಲ ತಾನಾಗಿಯೇ ಹೋಗುತ್ತದೆ. ಮಾತ್ರೆಯನ್ನು ಚಹಾ, ಕಾಫಿಯ ಜೊತೆಗೆ ನುಂಗಬೇಡಿ, ನಿಂಬೆ ಪಾನಕದ ಜೊತೆಗೆ ನುಂಗಿದರೆ ಒಳ್ಳೆಯದು. ಮಲ ಕಪ್ಪಾದರೆ ಗಾಬರಿ ಬೇಡ.

ಈಗ ಗಡ್ಡೆಗೆ ಬರೋಣ. ಗರ್ಭಕೋಶದ ಗೋಡೆ ಸ್ನಾಯುವಿನಿಂದ ಆಗಿದೆ. ಆ ಸ್ನಾಯುವಿನ ಒಂದು ಕೋಶ ತನ್ನಷ್ಟಕ್ಕೆ ಬೆಳೆಯತೊಡಗಿ ಗಂಟಾಗುವುದೇ ಫೈಬ್ರಾಯ್ಡ್. ಕೆಲವರಿಗೆ ಒಂದು, ಕೆಲವರಿಗೆ ಹತ್ತಾರು. ಅಮೆರಿಕದಲ್ಲಿ ಸ್ಕ್ಯಾನಿಂಗ್ ಮಾಡಿ ನೋಡಿದ ಅಧ್ಯಯನದಲ್ಲಿ 50 ವರ್ಷ ಮುಟ್ಟುವ ಹೊತ್ತಿಗೆ ಬಿಳಿಯ ಮಹಿಳೆಯರಲ್ಲಿ ನೂರಕ್ಕೆ ಎಪ್ಪತ್ತರ ಹತ್ತಿರ ಜನರಿಗೆ, ಕಪ್ಪು ಮಹಿಳೆಯರಲ್ಲಿ ಎಂಬತ್ತಕ್ಕೂ ಹೆಚ್ಚು ಜನರಿಗೆ, ಗಡ್ಡೆ ಕಂಡಿತು. ಅವರಲ್ಲಿ ಬಹಳಷ್ಟು ಜನರಿಗೆ ಗಡ್ಡೆಯಿರುವ ವಿಷಯವೇ ತಿಳಿದಿರಲಿಲ್ಲ. ಇದು ಕ್ಯಾನ್ಸರ್ ಅಲ್ಲ. ಗಡ್ಡೆಯಂತೆ ಕಾಣುವುದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಮುಟ್ಟು ನಿಂತ ಮೇಲೂ ಗಡ್ಡೆ ಬೆಳೆಯುತ್ತಿದ್ದರೆ ಮಾತ್ರ ನಾವು ಆ ದಿಕ್ಕಿನಲ್ಲಿ ಹೆಚ್ಚು ಯೋಚಿಸುತ್ತೇವೆ.

ಎಲ್ಲರೂ ಕೇಳುವುದು ‘ಎಷ್ಟು ಸೆಂಟಿಮೀಟರ್?’ ಎಂದು. ಅದಕ್ಕಿಂತ ಮುಖ್ಯವಾದದ್ದು ಗಡ್ಡೆ ಎಲ್ಲಿದೆ ಎಂಬುದು. ಗರ್ಭಕೋಶವನ್ನು ಒಂದು ಕೋಣೆ ಎಂದುಕೊಳ್ಳಿ. ಗಡ್ಡೆ ಕೋಣೆಯ ಒಳಗಿನ ಗಾರೆಯನ್ನು ಉಬ್ಬಿಸಿಕೊಂಡು ಒಳಕ್ಕೆ ಚಾಚಿರಬಹುದು, ಗೋಡೆಯ ಇಟ್ಟಿಗೆಗಳ ನಡುವೆ ಕುಳಿತಿರಬಹುದು, ಇಲ್ಲವೇ ಹೊರಗೋಡೆಗೆ ಅಂಟಿಕೊಂಡಿರಬಹುದು. ಒಳಕ್ಕೆ ಚಾಚಿದ್ದು ಒಂದೂವರೆ ಸೆಂಟಿಮೀಟರ್ ಇದ್ದರೂ ಧಾರಾಳವಾಗಿ ರಕ್ತ ಸುರಿಸಬಲ್ಲದು. ಹೊರಗೋಡೆಯದ್ದು ಆರು ಸೆಂಟಿಮೀಟರ್ ಇದ್ದರೂ ಮುಟ್ಟಿಗೆ ಏನೂ ಮಾಡದೆ ಇರಬಹುದು. ದೊಡ್ಡದಾದರೆ ಮೂತ್ರಚೀಲವನ್ನು ಒತ್ತಿ ಮೇಲಿಂದ ಮೇಲೆ ಮೂತ್ರಕ್ಕೆ ಹೋಗುವಂತೆ ಮಾಡುತ್ತದೆ, ಅಥವಾ ಹೊಟ್ಟೆ ಭಾರ ಎನಿಸುತ್ತದೆ. ಹಾಗಾಗಿ ಪಕ್ಕದ ಮನೆಯವರ ಐದು ಸೆಂಟಿಮೀಟರಿಗೂ ನಿಮ್ಮ ಐದು ಸೆಂಟಿಮೀಟರಿಗೂ ಸಂಬಂಧವಿಲ್ಲ.

ಇದು ಯಾಕೆ ಬರುತ್ತದೆ? ಅಂಡಾಶಯದಿಂದ ಬರುವ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಇದಕ್ಕೆ ಗೊಬ್ಬರ. ಅದಕ್ಕೇ ಮೈನೆರೆಯುವ ಮೊದಲು ಇದು ಕಾಣುವುದಿಲ್ಲ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ತಾಯಿಗೆ, ಅಕ್ಕನಿಗೆ ಇದ್ದರೆ, ಮೈತೂಕ ಹೆಚ್ಚಿದ್ದರೆ ಸಾಧ್ಯತೆ ಹೆಚ್ಚು. ನಮ್ಮ ಭಾಗದಲ್ಲಿ ಹೆಣ್ಣುಮಕ್ಕಳು ಇಪ್ಪತ್ತರ ಪ್ರಾಯದಲ್ಲೇ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡಿರುತ್ತಾರೆ, ಆಮೇಲೆ ಏನೇ ಆದರೂ ‘ಆಪರೇಷನ್ ಮಾಡಿಸಿದ್ದಕ್ಕೆ ಹೀಗಾಯಿತು’ ಎನ್ನುತ್ತಾರೆ. ಆ ಆಪರೇಷನ್‌ನಿಂದ ಗಡ್ಡೆ ಬರುವುದಿಲ್ಲ. ಭಾರ ಎತ್ತಿದ್ದಕ್ಕೂ ಬರುವುದಿಲ್ಲ, ಉಷ್ಣದ ಪದಾರ್ಥ ತಿಂದದ್ದಕ್ಕೂ ಬರುವುದಿಲ್ಲ. ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಂಡಿತು, ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದೆ ಎಂದ ಮಾತ್ರಕ್ಕೆ ಗಡ್ಡೆಯಿಂದಲೇ ರಕ್ತ ಹೋಗುತ್ತಿದೆ ಎಂದಲ್ಲ. ಥೈರಾಯ್ಡ್ ಏರುಪೇರು, ಸರಿಯಾಗಿ ಅಂಡ ಬಿಡುಗಡೆಯಾಗದಿರುವುದು, ಗರ್ಭಕೋಶದ ಒಳಪದರ ಸ್ನಾಯುವಿನೊಳಕ್ಕೆ ಇಳಿಯುವ ಅಡಿನೋಮಯೋಸಿಸ್, ಒಳಪದರದಲ್ಲಿ ಬೆಳೆಯುವ ಸಣ್ಣ ಮೆದು ಕುಡಿಯಾದ ಪಾಲಿಪ್, ಹಾಕಿಸಿಕೊಂಡ ಕಾಪರ್-ಟಿ, ಹೃದಯದ ಚಿಕಿತ್ಸೆಯಲ್ಲಿ ಕೊಡುವ ರಕ್ತ ತೆಳುವಾಗಿಸುವ ಮಾತ್ರೆ — ಇವೆಲ್ಲವೂ ಕಾರಣವಾಗಬಲ್ಲವು. ಮೂವತ್ತೆಂಟು ವರ್ಷದ ಒಬ್ಬ ಶಿಕ್ಷಕಿ ಗರ್ಭಕೋಶ ತೆಗೆಸುವ ತಯಾರಿಯಲ್ಲೇ ಬಂದಿದ್ದರು. ಹೊರಗೋಡೆಯಲ್ಲಿ ಮೂರು ಸೆಂಟಿಮೀಟರಿನ ಗಡ್ಡೆಯಿತ್ತು. ಥೈರಾಯ್ಡ್ ಪರೀಕ್ಷೆಯನ್ನು ಯಾರೂ ಮಾಡಿಸಿರಲಿಲ್ಲ, ಅದು ವಿಪರೀತ ಕೆಟ್ಟಿತ್ತು. ಥೈರಾಯ್ಡ್ ಮಾತ್ರೆ ಶುರುಮಾಡಿ ಕೆಲವು ತಿಂಗಳಲ್ಲಿ ಮುಟ್ಟು ಹದಕ್ಕೆ ಬಂತು. ಗಡ್ಡೆ ಇನ್ನೂ ಅಲ್ಲೇ ಇದೆ, ಅವರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ.

ಹುಡುಗಿಯರ ವಿಷಯಕ್ಕೆ ಸ್ವಲ್ಪ ಹೊರಳುತ್ತೇನೆ, ಅಂಗನವಾಡಿಯವರು ಇಲ್ಲಿರುವುದರಿಂದ. ಮೈನೆರೆದ ಮೊದಲ ಮುಟ್ಟುಗಳಿಂದಲೇ ವಿಪರೀತ ರಕ್ತ ಹೋಗುತ್ತಿದ್ದರೆ, ಮೂಗಿನಲ್ಲಿ ರಕ್ತ ಬರುವುದು, ಹಲ್ಲು ಕೀಳಿಸಿದಾಗ ರಕ್ತ ನಿಲ್ಲದಿರುವುದು ಇದ್ದರೆ, ರಕ್ತ ಹೆಪ್ಪುಗಟ್ಟುವುದರಲ್ಲೇ ದೋಷವಿರಬಹುದು. ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಅವರು ಆಲಂಡ್ ದ್ವೀಪಗಳ ಒಂದು ಕುಟುಂಬದಲ್ಲಿ ಇದನ್ನು ಗುರುತಿಸಿ 1926ರಲ್ಲಿ ಬರೆದರು. ಅವರು ಪರೀಕ್ಷಿಸಿದ್ದ ಹ್ಯೋರ್ಡಿಸ್ ಎಂಬ ಪುಟ್ಟ ಹುಡುಗಿ ಮುಂದೆ ಹದಿಮೂರನೆಯ ವಯಸ್ಸಿನಲ್ಲಿ, ತನ್ನ ನಾಲ್ಕನೆಯ ಮುಟ್ಟಿನಲ್ಲಿ, ರಕ್ತ ನಿಲ್ಲದೆ ತೀರಿಕೊಂಡಳು. ಆ ಕಾಯಿಲೆಗೆ ಇಂದು ವೈದ್ಯರ ಹೆಸರಿದೆ. ನನಗಂತೂ ನೆನಪಾಗುವುದು ಆ ಹುಡುಗಿ. ಇವತ್ತು ಇದಕ್ಕೆ ಪರೀಕ್ಷೆ ಇದೆ, ಔಷಧವಿದೆ. ‘ಮೊದಮೊದಲು ಹಾಗೇ, ಆಮೇಲೆ ಸರಿಹೋಗುತ್ತದೆ’ ಎಂದು ಪ್ಯಾಡ್ ಮೇಲೆ ಪ್ಯಾಡ್ ನೆನೆಸುವ ಮಗುವಿಗೆ ಹೇಳಬೇಡಿ. ಮುಟ್ಟಾದವರು ಊರ ಹೊರಗೆ ಉಳಿಯುವ ಪದ್ಧತಿ ಚಿತ್ರದುರ್ಗ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಇನ್ನೂ ಇದೆ. ಅಲ್ಲಿ ಒಬ್ಬಳೇ ಇರುವ ಹುಡುಗಿಗೆ ಎಷ್ಟು ರಕ್ತ ಹೋಯಿತು ಎಂದು ನೋಡುವವರು ಯಾರು? ಆಶಾ ಕಾರ್ಯಕರ್ತೆಯರು ಆ ದಿನಗಳಲ್ಲೇ ಹೋಗಿ ಮಾತನಾಡಿಸಬೇಕು.

ಪರೀಕ್ಷೆಗಳು ಹೆಚ್ಚೇನಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ಸಾಧ್ಯವಾದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶವನ್ನು ತೋರಿಸುವ ಫೆರಿಟಿನ್, ಗರ್ಭಧಾರಣೆಯ ಪರೀಕ್ಷೆ, ಒಂದು ಸ್ಕ್ಯಾನಿಂಗ್. 45 ದಾಟಿದವರಿಗೆ, ಅಥವಾ ಬೊಜ್ಜು, ಸಕ್ಕರೆ ಕಾಯಿಲೆ ಇದ್ದು ಮುಟ್ಟು ಅಡ್ಡಾದಿಡ್ಡಿ ಇರುವವರಿಗೆ, ಗರ್ಭಕೋಶದ ಒಳಪದರದ ಸಣ್ಣ ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತೇವೆ. ಈ ಪರೀಕ್ಷೆಯನ್ನು ಮಾಡದೆ ಗರ್ಭಕೋಶ ತೆಗೆಯಲು ಒಪ್ಪಬೇಡಿ.

ಚಿಕಿತ್ಸೆಯಲ್ಲಿ ಮೊದಲನೆಯದು ತೀರಾ ಸರಳ. ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ. ಮುಟ್ಟಿನ ಹೆಚ್ಚು ರಕ್ತ ಹೋಗುವ ಮೂರು ನಾಲ್ಕು ದಿನ ಮಾತ್ರ ತೆಗೆದುಕೊಳ್ಳುವುದು. ಇದು ಹಾರ್ಮೋನ್ ಅಲ್ಲ, ರಕ್ತಸ್ರಾವವನ್ನು ಅರ್ಧದ ಹತ್ತಿರಕ್ಕೆ ಇಳಿಸಬಲ್ಲದು. ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹಿಂದೆ ಹೆಪ್ಪುಗಟ್ಟಿದವರಿಗೆ ಕೊಡುವಂತಿಲ್ಲ, ಅದಕ್ಕೇ ವೈದ್ಯರನ್ನು ಕೇಳದೆ ಅಂಗಡಿಯಿಂದ ತರಬಾರದು. ನೋವೂ ಇದ್ದರೆ ಜೊತೆಗೆ ಮೆಫೆನಾಮಿಕ್ ಆಮ್ಲ. ಹಾರ್ಮೋನ್ ಮಾತ್ರೆಗಳೂ ಇವೆ, ಅವು ಬೇರೆ ಬಗೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಆರ್ಮೆಲಾಕ್ಸಿಫೀನ್ ಹಾರ್ಮೋನ್ ಅಲ್ಲದ ಮಾತ್ರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ‘ಛಾಯಾ’ ಎಂಬ ಹೆಸರಿನಲ್ಲಿ ಗರ್ಭನಿರೋಧಕವಾಗಿ ಸಿಗುವುದು ಇದೇ. ಗಡ್ಡೆ ಕಾರಣವಲ್ಲದ ಹೆಚ್ಚು ರಕ್ತಸ್ರಾವಕ್ಕೂ ವೈದ್ಯರು ಇದನ್ನು ಬೇರೆ ಲೆಕ್ಕದಲ್ಲಿ ಕೊಡುತ್ತಾರೆ.

ಇನ್ನು ನಾನು ಮನಸಾರೆ ಹೇಳುವ ಒಂದು ಚಿಕಿತ್ಸೆ: ಲೆವೊನಾರ್ಜೆಸ್ಟ್ರೆಲ್ ಹಾರ್ಮೋನ್ ಇರುವ, ಗರ್ಭಕೋಶದೊಳಗೆ ಇಡುವ ಟಿ ಆಕಾರದ ಪುಟ್ಟ ಸಾಧನ. ಕಾಪರ್-ಟಿಯ ರೂಪವೇ, ಕೆಲಸ ಮಾತ್ರ ತದ್ವಿರುದ್ಧ. ಕಾಪರ್-ಟಿ ರಕ್ತ ಹೆಚ್ಚಿಸಬಹುದು, ಇದು ಒಳಪದರವನ್ನು ತೆಳುವಾಗಿಸಿ ರಕ್ತವನ್ನು ಬಹಳ ಮಟ್ಟಿಗೆ ಇಳಿಸುತ್ತದೆ. ಹಾಕಿಸಿದರೆ ಐದು ವರ್ಷ ಕೆಲಸ ಮಾಡುತ್ತದೆ. ಬೆಲೆ ಕೆಲವು ಸಾವಿರ ರೂಪಾಯಿ, ಆಪರೇಷನ್ನಿನ ಖರ್ಚು, ಕೂಲಿ ನಷ್ಟ, ತಿಂಗಳುಗಟ್ಟಲೆಯ ವಿಶ್ರಾಂತಿಗೆ ಹೋಲಿಸಿದರೆ ಕಡಿಮೆಯೇ. ಮೊದಲ ಮೂರರಿಂದ ಆರು ತಿಂಗಳು ಹನಿ ಹನಿ ಕಲೆ ಕಾಣುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಹೆಣ್ಣುಮಕ್ಕಳು ಹೆದರಿ ತೆಗೆಸಿಬಿಡುತ್ತಾರೆ. ಆಮೇಲೆ ಕೆಲವರಿಗೆ ಮುಟ್ಟೇ ಕಾಣುವುದಿಲ್ಲ. ಕೆಟ್ಟ ರಕ್ತ ಒಳಗೆ ನಿಂತುಬಿಟ್ಟಿತು ಎಂಬ ಭಯ ಬೇಡ, ಒಳಪದರ ಬೆಳೆದೇ ಇರುವುದಿಲ್ಲ, ಹೊರಗೆ ಹೋಗಲು ಏನೂ ಇರುವುದಿಲ್ಲ. ಗಡ್ಡೆ ಕೋಣೆಯ ಆಕಾರವನ್ನೇ ಕೆಡಿಸಿದ್ದರೆ ಇದು ಜಾರಿ ಹೊರಬರಬಹುದು, ಅಂಥವರಿಗೆ ಸೂಕ್ತವಲ್ಲ.

ಒಳಕ್ಕೆ ಚಾಚಿದ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ ಯೋನಿಯ ಮೂಲಕವೇ ದುರ್ಬೀನು ಹಾಕಿ ತೆಗೆಯಬಹುದು. ಮಕ್ಕಳು ಬೇಕೆನ್ನುವವರಿಗೆ ಗರ್ಭಕೋಶ ಉಳಿಸಿ ಗಡ್ಡೆ ಮಾತ್ರ ತೆಗೆಯುತ್ತೇವೆ. ಮುಂದೆ ಹೊಸ ಗಡ್ಡೆ ಬರುವ ಸಾಧ್ಯತೆಯಿದೆ ಎಂಬುದನ್ನು ಮುಚ್ಚಿಡಬಾರದು. ಗಡ್ಡೆಗೆ ರಕ್ತ ಒಯ್ಯುವ ನಾಳವನ್ನು ಮುಚ್ಚಿ ಅದನ್ನು ಕುಗ್ಗಿಸುವ ವಿಧಾನವನ್ನು ಫ್ರಾನ್ಸಿನ ವೈದ್ಯರು 1995ರಲ್ಲಿ ವರದಿ ಮಾಡಿದರು. ಅದಕ್ಕೆ ನುರಿತ ರೇಡಿಯಾಲಜಿ ತಜ್ಞರು ಬೇಕು. ನಮ್ಮ ಕಡೆಯವರು ದೊಡ್ಡ ನಗರಕ್ಕೆ ಹೋಗಬೇಕಾಗಿ ಬರಬಹುದು.

ಗರ್ಭಕೋಶ ತೆಗೆಯುವುದೇ ಸರಿಯಾದ ಚಿಕಿತ್ಸೆ ಆಗುವ ಸಂದರ್ಭಗಳಿವೆ. ಔಷಧಗಳು ಸೋತಿವೆ, ಗಡ್ಡೆಗಳು ದೊಡ್ಡವಿವೆ, ಮಕ್ಕಳು ಬೇಡ, ಅವಳೇ ತಿಳಿದು ಕೇಳುತ್ತಿದ್ದಾಳೆ ಎಂದರೆ ನಾನೇ ಮಾಡುತ್ತೇನೆ, ಮಾಡಿದ ಮೇಲೆ ಅವರು ನೆಮ್ಮದಿಯಾಗಿದ್ದಾರೆ. ನನ್ನ ತಕರಾರು ಅದು ಮೊದಲ ಚಿಕಿತ್ಸೆ ಆಗುವುದರ ಬಗ್ಗೆ. ಪಕ್ಕದ ರಾಣೆಬೆನ್ನೂರು ತಾಲ್ಲೂಕಿನ ತಾಂಡಾಗಳ ಮಹಿಳೆಯರು ಅನಗತ್ಯವಾಗಿ ಗರ್ಭಕೋಶ ತೆಗೆಯಲಾಯಿತು ಎಂದು ಪರಿಹಾರಕ್ಕಾಗಿ ಬೀದಿಗಿಳಿದದ್ದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ರಾಷ್ಟ್ರೀಯ ಸಮೀಕ್ಷೆಯಲ್ಲೂ ಗರ್ಭಕೋಶ ತೆಗೆಸಿದ್ದಕ್ಕೆ ಮಹಿಳೆಯರು ಕೊಟ್ಟ ಮುಖ್ಯ ಕಾರಣ ಹೆಚ್ಚು ರಕ್ತಸ್ರಾವ, ಅಂದರೆ ಎಷ್ಟೋ ಸಲ ಮಾತ್ರೆಗೆ ಬಗ್ಗುವ ತೊಂದರೆ. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಗಳನ್ನು ರಾಜ್ಯಗಳು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು.

ಆಪರೇಷನ್ ಎಂದಾಗ ಕೇಳಲೇಬೇಕಾದ ಒಂದು ಪ್ರಶ್ನೆ: ‘ಅಂಡಾಶಯಗಳನ್ನು ಉಳಿಸುತ್ತೀರಾ, ತೆಗೆಯುತ್ತೀರಾ? ತೆಗೆಯುವುದಾದರೆ ಯಾಕೆ?’ ನಲವತ್ತರೊಳಗೆ ಎರಡೂ ಅಂಡಾಶಯ ಹೋದರೆ ಮರುದಿನದಿಂದಲೇ ಮುಟ್ಟು ನಿಂತವರ ಸ್ಥಿತಿ. ಮೈ ಬಿಸಿಯೇರುವುದು, ನಿದ್ದೆಗೇಡು, ಮೂಳೆ ಸವೆತ, ಹೃದ್ರೋಗದ ಅಪಾಯ ಎಲ್ಲ ಬೇಗ ಬರುತ್ತವೆ. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಕಾಲದ ಬದಲಾವಣೆಗಳು ಸ್ವಲ್ಪ ಬೇಗ ಕಾಣಬಹುದು. ಔಷಧ ಪ್ರಯತ್ನಿಸಿದ್ದೇವೆಯೇ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಲು ಎರಡು ವಾರ ಕೊಡುತ್ತೀರಾ ಎಂದೂ ಕೇಳಿ. ಗಡ್ಡೆಯ ವಿಷಯದಲ್ಲಿ ಎರಡು ವಾರ ಕಾದರೆ ಸಾಮಾನ್ಯವಾಗಿ ಏನೂ ಕೆಡುವುದಿಲ್ಲ. ಕೇಳಿದ್ದಕ್ಕೆ ಸಿಟ್ಟಾಗುವ ವೈದ್ಯರಾದರೆ ಎರಡನೆಯ ಅಭಿಪ್ರಾಯ ಖಂಡಿತ ಬೇಕು.

ಒಂದು ಚೀಟಿ ಬಂದಿದೆ: ಕಷಾಯದಿಂದ ಗಡ್ಡೆ ಕರಗುತ್ತದೆಯೇ? ಕರಗಿಸುತ್ತದೆ ಎಂದು ಸಾಬೀತಾದ ಮನೆಮದ್ದು ಇಲ್ಲ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಗಡ್ಡೆ ತಾನೇ ಕುಗ್ಗುತ್ತದೆ, ಆ ಹೊತ್ತಿಗೆ ಕುಡಿಯುತ್ತಿದ್ದ ಕಷಾಯಕ್ಕೆ ಹೆಸರು ಬರುತ್ತದೆ. ಇನ್ನೊಂದು ಚೀಟಿ: ಗಡ್ಡೆಯಿದ್ದರೆ ಮಕ್ಕಳಾಗುವುದಿಲ್ಲವೇ? ಬಹಳಷ್ಟು ಜನರಿಗೆ ಆಗುತ್ತದೆ. ಒಳಕ್ಕೆ ಚಾಚಿದ ಗಡ್ಡೆ ಮಾತ್ರ ಗರ್ಭ ನಿಲ್ಲಲು ಅಡ್ಡಿಯಾಗಬಹುದು, ಅದನ್ನು ಮೊದಲೇ ತೆಗೆಸಬಹುದು.

ಕೊನೆಯದಾಗಿ, ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು. ಗಂಟೆಗೊಂದರಂತೆ ಪ್ಯಾಡ್ ಪೂರ್ತಿ ನೆನೆದು ಎರಡು ಮೂರು ಗಂಟೆಯಾದರೂ ಕಡಿಮೆಯಾಗದಿದ್ದರೆ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ, ಎದೆ ಬಡಿತ ಜೋರಾಗಿ ಉಸಿರಾಟ ಕಷ್ಟವಾದರೆ, ಗರ್ಭಿಣಿ ಆಗಿರಬಹುದಾದವರಿಗೆ ರಕ್ತ ಕಂಡರೆ — ಮುಟ್ಟು ಮುಗಿಯಲಿ ಎಂದು ಕಾಯಬೇಡಿ, ರಕ್ತ ಹೋಗುತ್ತಿರುವಾಗ ಆಸ್ಪತ್ರೆಗೆ ಹೋಗಬಾರದು ಎಂಬ ನಿಯಮ ಎಲ್ಲಿಯೂ ಇಲ್ಲ. 108ಕ್ಕೆ ಕರೆಮಾಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ಅದು ತುರ್ತಲ್ಲದಿದ್ದರೂ ಅದೇ ವಾರ ತೋರಿಸಬೇಕು; ಅಲ್ಲಿ ನಾವು ಮೊದಲು ಹುಡುಕುವುದು ಕ್ಯಾನ್ಸರ್ ಇಲ್ಲ ಎಂಬ ಖಾತ್ರಿಯನ್ನು. ಬರುವಾಗ ಹಳೆಯ ಸ್ಕ್ಯಾನಿಂಗ್ ವರದಿ, ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್, ಕಳೆದ ಮೂರು ಮುಟ್ಟಿನ ತಾರೀಖು ಮತ್ತು ದಿನಕ್ಕೆ ಎಷ್ಟು ಪ್ಯಾಡ್ ಎಂದು ಬರೆದ ಚೀಟಿ ತನ್ನಿ. ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿದರೂ ಸಾಕು, ಅದರ ಫೋಟೊ ಮೊಬೈಲಿನಲ್ಲಿ ಇರಲಿ.